ಹತ್ತು ಲಕ್ಷದ ಮೂರು

“ಹತ್ತು ಲಕ್ಷದ ಒಂದನ್ನು ಯಾವ ಸಂಖ್ಯೆಯೂ ಭಾಗಿಸದು ಎಂದು ನೀರುಗಂಟಿ ಮಾದಯ್ಯ ಜಂಬ ಕೊಚ್ಚಿದ, ಮದ್ದೂರಿನ ಮೇಷ್ಟ್ರೊಬ್ಬರು ನಿಮಿಷದಲ್ಲಿ ಭಾಗಿಸಿ ಬಾಯಿ ಮುಚ್ಚಿಸಿದರು.” ಕೊತ್ತತ್ತಿಯ ಟೀ ಅಂಗಡಿಯಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಅಂದು ಅಲ್ಲಿರಲಿಲ್ಲ. ನಾನಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಪರೀಕ್ಷಿಸದೆ ಏನನ್ನೂ ಒಪ್ಪಿದವನಲ್ಲ.

ಮಾದಯ್ಯನವರು ನಾಲೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು. ಗುದ್ದಲಿಯನ್ನು ಹೆಗಲಿಗೇರಿಸಿ ಬದುವಿನ ಮೇಲೆ ನಡೆಯುವಾಗಲೂ ತುಟಿಯಲ್ಲಿ ಮಗ್ಗಿ. ದಿನವಿಡೀ ಪಾಲು ಹಂಚುವ ಆ ಮನುಷ್ಯನಿಗೆ ಪಾಲಾಗದ ಸಂಖ್ಯೆಗಳ ಮೇಲೆ ಮೋಹ. “ಏಳು, ಅನ್ನೊಂದು, ಅದಿಮೂರು, ಇವು ಯಾರ್ಗೂ ಬಗ್ಗಕಿಲ್ಲ ಕಣಣ್ಣ. ಇಂಥವು ದೊಡ್ಡವೂ ಇರ್ಬೇಕಲ್ವಾ?” ಎನ್ನುತ್ತಿದ್ದರು. ಹತ್ತು ಲಕ್ಷದ ಒಂದು ಅಂಥದ್ದೇ ಎಂದು ಅಂಗಡಿಯಲ್ಲಿ ಹೇಳಿಯೂ ಇದ್ದರು.

ಅಂದು ಅಂಗಡಿಗೆ ಬಂದು ಅವರೇ ಹೇಳಿದರು: “ಅತ್ತು ಲಕ್ಷದ ಒಂದು ಮುರ್ದೋಯ್ತು. ನೂರಾ ಒಂದ್ರಲ್ಲಿ ಓಯ್ತದೆ.” ಅಲ್ಲಿ ಕೂತಿದ್ದ ಮದ್ದೂರಿನ ಮೇಷ್ಟ್ರು ಮೊಬೈಲಿನಲ್ಲಿ ಒತ್ತಿ ನೋಡಿ “ಹೌದು” ಎಂದರು, ಅಷ್ಟೆ. ಹಿಂದಿನ ವಾರ ಸರದಿ ಮೀರಿ ನೀರು ಕೇಳಿ ಇಲ್ಲವೆನ್ನಿಸಿಕೊಂಡಿದ್ದ ಪುಟ್ಟೇಗೌಡರಿಗೆ ಅಷ್ಟು ಸಾಕಾಯಿತು.

“ಭಾಗಾಕಾರವೇ ತಪ್ಪೋನ ಕೈಲಿ ತೂಬು ಯಾಕ್ಲಾ? ಬೇರೆಯೋರ್ನ ಇಟ್ಕಳಿ.”

ನಾಲ್ಕಾರು ತಲೆಗಳು ಹೌದೆಂದು ಆಡಿದವು.

“ತಪ್ಪು ಇಡ್ದೋನೂ ನಾನೇ ಅಲ್ವಾ ಗೌಡ್ರೇ? ಮೂರು ತಿಂಗ್ಳು ಕೊಡಿ, ಮುರೀದೇ ಇರೋದ್ನ ತತ್ತೀನಿ. ಇಲ್ದಿದ್ರೆ ತೂಬಿನ ಬೀಗದ ಕೈ ನೀವೇ ಮಡೀಕಳಿ.”

ಹತ್ತು ಲಕ್ಷದ ಎರಡು ಸಮಸಂಖ್ಯೆ. ಅದನ್ನು ಬಿಟ್ಟು ಹತ್ತು ಲಕ್ಷದ ಮೂರನ್ನು ಹಿಡಿದರು. “ಎರಡು ಅಂಕಿ ಗುಣಿಸಿ ಇದು ಬರ್ಬೇಕಾದ್ರೆ, ಒಂದಾದ್ರೂ ಸಾವಿರದೊಳಗೆ ಸಿಗ್ಲೇಬೇಕು. ಸಾವಿರದಾಚೆ ಉಡುಕೋದು ದಂಡ” ಎಂದರು. ಸಾವಿರದೊಳಗಿನ ಅವಿಭಾಜ್ಯಗಳು ನೂರ ಅರವತ್ತೆಂಟು. ಒಂದೊಂದರಿಂದಲೂ ಕೈಯಾರೆ ಭಾಗಿಸಿದರು. ಮೊಬೈಲಿದೆಯಲ್ಲ ಎಂದೆ. “ಅದು ಯೋಳ್ತದೆ ಬುಡಣ್ಣ. ನಾನು ನೋಡ್ಬೇಕು.”

ಗಡುವಿನ ದಿನ ಇನ್ನೂರು ಪುಟದ ನೋಟ್‌ಬುಕ್ಕನ್ನು ಪುಟ್ಟೇಗೌಡರ ಮುಂದಿಟ್ಟರು. ಗೌಡರು ಮನಸ್ಸಿಗೆ ಬಂದ ಐದು ಪುಟ ತೆಗೆದು, ಬೆವರುತ್ತ ತಾವೇ ಭಾಗಿಸಿದರು. ಐದರಲ್ಲೂ ಶೇಷ ಉಳಿಯಿತು.

“ನಿನ್ನ ತೂಬು ನೀನೇ ಮಡೀಕಳ್ಳಲಾ!” ಎಂದು ಎದ್ದುಹೋದರು.

ನನಗೆ ಐದು ಪುಟ ಸಾಲಲಿಲ್ಲ. ನೋಟ್‌ಬುಕ್ಕನ್ನು ಕೇಳಿ ತಂದು, ವರ್ಷವಿಡೀ ಬಿಡುವಾದಾಗಲೆಲ್ಲ ಪ್ರತಿಯೊಂದನ್ನೂ ಮತ್ತೆ ಭಾಗಿಸಿದೆ. ಆರುನೂರ ಏಳರಲ್ಲಿ ಒಂದು ತಪ್ಪು ಸಿಕ್ಕಿತು: ಶೇಷ 274 ಇರಬೇಕಾದಲ್ಲಿ 247 ಎಂದಿತ್ತು. ಶೇಷ ಉಳಿದೇ ಉಳಿಯುತ್ತದೆ, ತೀರ್ಮಾನ ಕೆಡುವುದಿಲ್ಲ. ಆದರೂ ತಪ್ಪು ತಪ್ಪೇ. ಆ ಹೊತ್ತಿಗೆ ಮಾದಯ್ಯನವರು ಮಂಡ್ಯದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದರು. ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಕಣ್ಣರಳಿಸಿದರು.

“ಅಂಗಾರೆ ಅಲ್ಲೀಗಂಟ ನೋಡಿದ್ಯಾ ಅಣ್ಣ! ನಂದ್ನ ಗೀಟಾಕಿ ಒಡೆದಾಕ್ಬ್ಯಾಡ. ಪಕ್ಕದಾಗೆ ಬರಿ.”

ಅದೇ ಕೊನೆಯ ಭೇಟಿ.

ನೋಟ್‌ಬುಕ್ಕು ನನ್ನ ಮನೆಯಲ್ಲಿದೆ. ಅವರ 247ರ ಪಕ್ಕದಲ್ಲಿ ನನ್ನ ಕೈಬರಹದ 274 ಇದೆ. ಕೊನೆಯ ಪುಟದಲ್ಲಿ 997ರಿಂದ ಭಾಗಿಸಿದ್ದಾರೆ, ಶೇಷ 12. ನನ್ನ ಮಾತನ್ನೂ ನಂಬಬೇಕಿಲ್ಲ. ಪೆನ್ಸಿಲು ತನ್ನಿ.