ಬಾಯಾರದ ಕನಕಮ್ಮ

ಕನಕಮ್ಮ ಟೀಚರಿಗೆ ಅರಳುಮರಳು ಎಂದು ಹೋದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಬಡಾವಣೆಯೆಲ್ಲ ಮಾತಾಡಿತು. ಹಾಲಿನವನಿಗೆ ಗೊತ್ತು, ಇಸ್ತ್ರಿಯವನಿಗೆ ಗೊತ್ತು, ಕಟ್ಟಕಡೆಗೆ ನನಗೆ ಗೊತ್ತಾಯಿತು. ಅರ್ಧ ಆಯುಷ್ಯ ಆಕೆಯ ಜೊತೆ ಒಂದೇ ಬಸ್ಸಿನಲ್ಲಿ, ಒಂದೇ ಶಾಲೆಯಲ್ಲಿ ಕಳೆದವಳು ನಾನು, ಸುನಂದಾ. ಎರಡು ಓಣಿ ಆಚೆಗೇ ಇದ್ದೇನೆ. ನನಗೆ ಹೇಳಬೇಕೆಂದು ಆ ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. "ನೀವು ಬಂದ್ರ ಜಗಳ ತೆಗೀತೀರಿ ಅಂತ ಹೇಳ್ಲಿಲ್ರೀ ಟೀಚರ್" ಎಂದ ಆಕೆಯ ಮಗ ಅನಿಲಕುಮಾರ, ಆಮೇಲೆ. ಸುಳ್ಳಲ್ಲ, ನನ್ನ ಬಾಯಿ ಜೋರು. ಆದರೆ ಜಗಳ ತೆಗೆಯುವವರು ಒಬ್ಬರಾದರೂ ಮೊದಲೇ ಆ ಮನೆಯೊಳಗೆ ಕಾಲಿಟ್ಟಿದ್ದರೆ ಆಕೆಗೆ ಈ ಗತಿ ಬರುತ್ತಿರಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಬರೆಯುವುದಕ್ಕೆ ನನಗೇನೂ ಮುಲಾಜಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾವಿಬ್ಬರೂ ದಿನಾ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದು, ಅಲ್ಲಿಂದ ಸಿಕ್ಕ ಟಂಟಂ ಆಟೊ ಹಿಡಿದು ಒಂದು ಸಣ್ಣ ಊರಿನ ಶಾಲೆಗೆ ಹೋಗುತ್ತಿದ್ದೆವು. ಊರಿನ ಹೆಸರು ಬೇಡ ಬಿಡಿ, ಅಂಥವು ಎಷ್ಟೋ ಇವೆ. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಜಾಲಿಗಿಡ. ಗಂಡಸು ಮಾಸ್ತರರಿಗೆ ಗೋಡೆಯ ಮರೆ ಸಾಕು. ಹೆಣ್ಣುಮಕ್ಕಳಿಗೆ ಏನೂ ಇಲ್ಲ. ಆದ್ದರಿಂದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸದ ಒಂದು ವಿದ್ಯೆಯನ್ನು ನಾವೆಲ್ಲ ಬಸ್ಸಿನಲ್ಲೇ ಕಲಿತೆವು. ಮುಂಜಾನೆ ಚಹಾ ಕುಡಿದ ಮೇಲೆ ಸಂಜೆ ಮನೆ ಸೇರುವ ತನಕ ನೀರು ಮುಟ್ಟಬಾರದು. ಗಂಟಲು ಕಟ್ಟಿದರೆ ಒಂದು ಲವಂಗ ಬಾಯಿಗೆ ಹಾಕಿಕೊಳ್ಳಬೇಕು. ಹೊಸದಾಗಿ ಬಂದ ಹುಡುಗಿಯರಿಗೆ ನಾವೇ ಇದನ್ನು ಹೇಳಿಕೊಡುತ್ತಿದ್ದೆವು, ಜಾಣತನವೆಂಬಂತೆ.

ನಾವು ಬಾಯಾರಿದರೂ ತಡೆದುಕೊಂಡು ನೀರು ಕುಡಿಯುತ್ತಿರಲಿಲ್ಲ. ಕನಕಮ್ಮನದು ಹಾಗಲ್ಲ, ಆಕೆಗೆ ನೀರೇ ಬೇಡವಾಗಿತ್ತು. ಮಾನ್ವಿ ಕಡೆಯ ಕೂಲಿಕಾರರ ಮಗಳು ಆಕೆ, ದಲಿತರ ಕೇರಿಯಿಂದ ಟಿ.ಸಿ.ಎಚ್. ಓದಿ ಬಂದವಳು. ನಾನು ಆ ಶಾಲೆಗೆ ಬರುವುದಕ್ಕೆ ಮೊದಲಿನ ಮಾತು. ಕೆಲಸಕ್ಕೆ ಹಾಜರಾದ ದಿನ ಬಿಸಿಲಲ್ಲಿ ನಡೆದು ಬಂದು, ಶಾಲೆಯ ಎದುರಿನ ಮನೆಯಲ್ಲಿ ನೀರು ಕೇಳಿದ್ದಳಂತೆ. ಆ ಮನೆಯ ಹೆಂಗಸು ಯಾರ ಪೈಕಿ ಎಂದು ವಿಚಾರಿಸಿಕೊಂಡು, ಅಂಗಳದಲ್ಲಿ ನಿಲ್ಲಿಸಿ, ಬೊಗಸೆ ಒಡ್ಡಿಸಿ, ಮೇಲಿಂದ ಸುರಿದಳಂತೆ. ಆ ಹೆಂಗಸಿನ ಮಕ್ಕಳೇ ಕಟ್ಟೆಯ ಮೇಲೆ ಕೂತು ತಮ್ಮ ಹೊಸ ಟೀಚರನ್ನು ನೋಡುತ್ತಿದ್ದರು. ಅವತ್ತಿನಿಂದ ಕನಕಮ್ಮ ಹೊರಗೆ ಯಾರನ್ನೂ ನೀರು ಕೇಳಲಿಲ್ಲ. ಇದನ್ನು ನನಗೆ ಹೇಳಿದ್ದು ಒಂದೇ ಸಲ, ಬಸ್ಸಿನಲ್ಲಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಕೇಳಿ ನನ್ನ ಮೈಯೆಲ್ಲ ಉರಿಯಿತು. ಆಕೆ ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತ ಕೂತಿದ್ದಳು.

ವರ್ಷಗಳಾದ ಮೇಲೆ ಶಾಲೆಗೆ ಶೌಚಾಲಯ ಬಂತು. ಹಾರ ಹಾಕಿ ಉದ್ಘಾಟನೆ ಮಾಡಿದರು. ಬಾಗಿಲಿಗೆ ಹಚ್ಚಿದ ಕುಂಕುಮ ಮಾಸುವ ಮೊದಲೇ ಅದರೊಳಗೆ ಬಿಸಿಯೂಟದ ಕಟ್ಟಿಗೆ ತುಂಬಿ ಕೀಲಿ ಹಾಕಿದರು. ಮಳೆಗೆ ಕಟ್ಟಿಗೆ ನೆನೆಯಬಾರದಲ್ಲ, ಹೆಂಗಸರು ಹಾಳಾಗಿ ಹೋಗಲಿ. ನಾನು ಕೂಗಾಡಿದೆ, ಕನಕಮ್ಮ ಲವಂಗ ಜಗಿದಳು.

ಮುಂದೆ ಮಾನ್ವಿಗೆ ವರ್ಗವಾಗಿ ಆಕೆ ಮುಖ್ಯೋಪಾಧ್ಯಾಯಿನಿಯಾದಳು. ಅಲ್ಲಿ ಮಾಡಿಸಿದ ಮೊದಲ ಕೆಲಸವೇ ಹುಡುಗಿಯರ ಶೌಚಾಲಯಕ್ಕೆ ನೀರಿನ ಟ್ಯಾಂಕು. ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಲ್ಲಿಸಿ ಎಲ್ಲರಿಗೂ ನೀರು ಕುಡಿಸುತ್ತಿದ್ದಳು. ತಾನು ಮಾತ್ರ ಕುಡಿಯುತ್ತಿರಲಿಲ್ಲ. ಗಂಡ ತಾಯಣ್ಣ, ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದವನು, ಬದುಕಿದ್ದಾಗ ದಿನಾ ಬೈಯುತ್ತಿದ್ದ. "ಹೊಟ್ಟ್ಯಾಗ ಕಲ್ಲು ಬೆಳಸಾಕತ್ತೀಯೇನು?" ಎನ್ನುತ್ತಿದ್ದ. ಕಲ್ಲೂ ಬೆಳೆದವು. ಒಂದು ಸಲ ತೆಗೆಸಿದರು, ಮತ್ತೆ ಬಂದವು. ಉರಿಮೂತ್ರವಂತೂ ಆಕೆಗೆ ನೆಗಡಿಯಷ್ಟು ಸಾಮಾನ್ಯವಾಗಿತ್ತು.

ನಿವೃತ್ತಿಯಾಗಿ ಮಗನ ಮನೆ ಸೇರಿದಳು. ಒಳ್ಳೆಯ ಮನೆ, ಸುಳ್ಳು ಹೇಳಬಾರದು. ಆಕೆಯ ಕೋಣೆಗೇ ಹೊಂದಿಕೊಂಡು ಬಚ್ಚಲು, ಅಡಿಗೆಮನೆಯಲ್ಲಿ ಫಿಲ್ಟರ್ ನೀರು. ಅಷ್ಟಿದ್ದರೂ ಆಕೆಯ ದಿನ ಬದಲಾಗಲಿಲ್ಲ. ಮುಂಜಾನೆ ಚಹಾ, ಗುಳಿಗೆಯ ಜೊತೆ ಒಂದು ಗುಟುಕು, ಮಧ್ಯಾಹ್ನ ರೊಟ್ಟಿ ಗಂಟಲಲ್ಲಿ ಸಿಕ್ಕರೆ ಇನ್ನೊಂದು ಗುಟುಕು. ಡಾಕ್ಟರ್ ಆತಿಯಾ ನನ್ನೆದುರಿಗೇ ಕೇಳಿದರು, "ಯಾಕ್ರೀ ಅಮ್ಮಾ, ನೀರು ಕುಡಿಯೂದಕ್ಕ ಏನು ತ್ರಾಸ?"

"ಬಾಯಾರಿದ್ರ ಕುಡೀತೀನಲ್ರೀ. ಬಾಯಾರಂಗೇ ಇಲ್ಲ, ಏನ್ಮಾಡ್ಲಿ?" ಎಂದು ಕನಕಮ್ಮ ನಕ್ಕಳು.

ಅದು ನೆಪವಲ್ಲ, ನಿಜ. ಕೇಳಿ ಕೇಳಿ ಕೊಡದಿದ್ದರೆ ಮೈ ಕೇಳುವುದನ್ನೇ ಬಿಡುತ್ತದೆ. ವಯಸ್ಸಾದವರಲ್ಲಂತೂ ಬಾಯಾರಿಕೆಯೇ ಸತ್ತು ಹೋಗಿರುತ್ತದೆ ಎಂದರು ಡಾಕ್ಟರು. ಗಡಿಯಾರ ನೋಡಿ ಕುಡಿಯಬೇಕು ಎಂದರು. ಕನಕಮ್ಮ ಹೂಂ ಎಂದು ಬಂದಳು.

ಎಪ್ಪತ್ತು ದಾಟಿದ ಮೇಲೆ ಇನ್ನೊಂದು ಸುರುವಾಯಿತು. ಕೆಮ್ಮಿದರೆ, ಎದ್ದರೆ, ಮೂತ್ರ ತಡೆಯುತ್ತಿರಲಿಲ್ಲ. ಜೀವಮಾನವಿಡೀ ತಡೆದಿಟ್ಟವಳಿಗೆ ಇದು ಬರಬೇಕೇ? ಹೋದ ಬೇಸಿಗೆಯ ಸುರುವಿನಲ್ಲಿ ಮೊಮ್ಮಗಳು ಉಮಾಶ್ರೀಯನ್ನು ನೋಡಲು ಮಾನ್ವಿಯಿಂದ ಬೀಗರಾಗುವವರು ಬಂದರು. ಕನಕಮ್ಮ ಅವರ ಪಕ್ಕ ಸೋಫಾದಲ್ಲಿ ಕೂತು ಚೆನ್ನಾಗಿಯೇ ಮಾತಾಡಿದಳಂತೆ. ಅವರನ್ನು ಕಳಿಸಲು ಎದ್ದಾಗ ಸೀರೆ, ಸೋಫಾ ಎರಡೂ ಒದ್ದೆ. ವರನ ತಾಯಿ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಅವರು ಹೋದ ಮೇಲೆ ಸೊಸೆ ದಾನೇಶ್ವರಿ ಮೆಲ್ಲಗೆ ಹೇಳಿದಳು, "ಅತ್ತಿ, ನಿಶ್ಚಯ ಮುಗಿಯೂತನಕ ನೀರು ಸ್ವಲ್ಪ ಕಡಿಮಿ ಮಾಡ್ರಿ."

"ಅದನ್ನ ನನಗ ಹೇಳಿಕೊಡ್ತೀಯೇನು?" ಎಂದಳಂತೆ ಕನಕಮ್ಮ.

ದಾನೇಶ್ವರಿಯೂ ಮಾನ್ವಿ ತಾಲೂಕಿನಲ್ಲಿ ಟೀಚರು. ಆಕೆ ಬ್ಯಾಗಿನಲ್ಲಿ ಒಯ್ಯುವ ಬಾಟಲಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಬರುತ್ತದೆ. ಬಸ್ಸು ಹತ್ತುವ ಹಿಂದಿನ ಸಂಜೆಯಿಂದ ನೀರು ಬಿಡುವುದು ಆ ಮನೆಯಲ್ಲಿ ಸೀರೆಗೆ ಇಸ್ತ್ರಿ ಮಾಡಿಕೊಂಡಷ್ಟೇ ಸಹಜ. ಅತ್ತೆಗೆ ಕೇಡು ಬಯಸಿ ಆಕೆ ಹೇಳಲಿಲ್ಲ. ಕೇಡು ಬಯಸಿ ಹೇಳಿದ್ದರೆ ನಾನು ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಒಳ್ಳೆಯ ಹುಡುಗಿ, ತನಗೆ ಗೊತ್ತಿದ್ದ ಉಪಾಯ ಹೇಳಿದಳು.

ಕನಕಮ್ಮ ನೀರಿನ ಜೊತೆ ಮಜ್ಜಿಗೆ, ಅಂಬಲಿ, ಸಾರು ಎಲ್ಲ ಬಿಟ್ಟಳು. ಆ ದಿನಗಳಲ್ಲಿ ರಾಯಚೂರು ಹೇಗಿತ್ತು ಗೊತ್ತಲ್ಲ, ಬೆಳಿಗ್ಗೆ ಒಂಬತ್ತಕ್ಕೇ ರಸ್ತೆಯಲ್ಲಿ ನಾಯಿ ಕೂಡ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಆಕೆ ಗಂಜಿ ಹಾಕಿದ ಸೀರೆ ಉಟ್ಟು, ವ್ಯಾನಿಟಿ ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಳು. "ಗೇಟು ತಗೀರಿ, ದೇವದುರ್ಗ ಬಸ್ಸು ಹೋಗಿಬಿಡ್ತದ" ಎಂದು ಗದರಿಸಿದಳು. ಮೊಮ್ಮಗಳನ್ನು ಕಂಡು, ನಿನ್ನೆ ಯಾಕೆ ಶಾಲೆ ತಪ್ಪಿಸಿದಿ ಎಂದು ಕೇಳಿದಳು. ಅಷ್ಟು ಸಾಕಾಯಿತು. ಅಜ್ಜಿಗೆ ಅರಳುಮರಳು ಎಂದು ಮನೆಯವರೇ ನಿಶ್ಚಯಿಸಿದರು. ಅನಿಲಕುಮಾರ ನೌಕರಿಗೆ ಯರಗೇರಾಕ್ಕೆ ಹೋಗುವಾಗ, ಬಿಸಿಲಲ್ಲಿ ಎಲ್ಲಾದರೂ ಹೋದಾಳೆಂದು ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ. ಒಳಗೆ ಒಂದು ತಂಬಿಗೆ ನೀರು ಇಟ್ಟೇ ಹೋಗುತ್ತಿದ್ದ, ಪಾಪ. ಅದು ಹಾಗೇ ಇರುತ್ತಿತ್ತು.

ಅವರ ಪಕ್ಕದ ಮನೆಯ ರಂಜಾನಬಿ ಕಾಯಿಪಲ್ಲೆ ಸಂತೆಯಲ್ಲಿ ನನಗೆ ಸಿಕ್ಕಳು. "ನಿಮ್ಮ ಗೆಳತಿಗಿ ತಲಿ ಕೆಟ್ಟದ ಅಂತಲ್ರೀ ಟೀಚರ್. ಬಾಗಿಲು ಬಡಿದು ಬಡಿದು ಈಗ ಸುಮ್ಮನಾಗ್ಯಾರ." ನಾನು ಚೀಲವನ್ನು ಅಲ್ಲೇ ಬಿಟ್ಟು ಆಟೊ ಹತ್ತಿದೆ.

ಅವತ್ತು ರವಿವಾರ, ಎಲ್ಲರೂ ಮನೆಯಲ್ಲಿದ್ದರು. ಕನಕಮ್ಮ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಒಡೆದಿತ್ತು. ನಾಲಗೆ ಒಲೆಯ ಮೇಲಿಟ್ಟ ಹಂಚಿನಷ್ಟು ಒಣಗಿತ್ತು. ನನ್ನನ್ನು ನೋಡಿ, "ಪ್ರಾರ್ಥನೆ ಮುಗೀತೇನು? ನನಗ ತಡ ಆತು" ಎಂದಳು.

"ಈಕಿ ನೀರು ಕುಡಿದು ಎಷ್ಟೊತ್ತಾತು?" ಎಂದು ಕೇಳಿದೆ.

"ಮುಂಜಾನಿ ಗುಳಿಗಿ ಜೋಡಿ ತೊಗೊಂಡಾರ್ರೀ" ಎಂದಳು ದಾನೇಶ್ವರಿ.

"ಅದು ನೀರೇನವ್ವಾ? ಗಿಡಕ್ಕ ಹಾಕಿದ್ರ ಗಿಡ ಸಾಯ್ತದ. ನಿಮ್ಮವ್ವಗ ಹುಚ್ಚು ಹಿಡಿದಿಲ್ಲೋ ಅನಿಲ, ಒಣಗಿಸೀರಿ ಆಕೀನ."

"ಯವ್ವ ತಾನೇ ಒಲ್ಲೆ ಅಂತಾಳ್ರೀ ಟೀಚರ್. ಬಲವಂತ ಮಾಡಿದ್ರ ಅಳ್ತಾಳ" ಎಂದ ಅವನು, ತಲೆ ತಗ್ಗಿಸಿ.

ಎಳೆದುಕೊಂಡೇ ಹೋದೆ ಎನ್ನಬೇಕು, ಡಾಕ್ಟರ್ ಆತಿಯಾ ಅವರ ಹತ್ತಿರ. ಸಲೈನ್ ಹಚ್ಚಿದರು, ಸೋಂಕಿಗೆ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಕನಕಮ್ಮ ಕಣ್ಣು ತೆರೆದು, "ಸುನಂದಾ, ಸಣ್ಣಗ ಮಾತಾಡು, ನಿನ್ನ ಧ್ವನಿ ರಸ್ತೇಕ ಕೇಳ್ತದ" ಎಂದಳು. ನಾನು ಆಸ್ಪತ್ರೆಯ ವರಾಂಡಕ್ಕೆ ಹೋಗಿ ಅತ್ತೆ. ಡಾಕ್ಟರು ಮಗನಿಗೆ ಬಿಡಿಸಿ ಹೇಳಿದರು. ಇದು ಅರಳುಮರಳಲ್ಲ, ಮೈಯಲ್ಲಿ ನೀರಿಲ್ಲದೆ, ಸೋಂಕು ಏರಿ ಬುದ್ಧಿ ಕದಡಿದ್ದು. ಕಿಡ್ನಿ ಆಗಲೇ ಸೋತಿವೆ, ಇನ್ನೊಂದು ಸಲ ಹೀಗಾದರೆ ತಡೆಯುವುದಿಲ್ಲ.

ಬುದ್ಧಿ ತಿರುಗಿ ಬಂದವಳಿಗೆ ತಾನು ಏನೇನು ಮಾಡಿದೆನೆಂದು ತಿಳಿಯಬೇಕಾಯಿತು. ಅನಿಲಕುಮಾರ ನಗುನಗುತ್ತ, ಗೇಟು, ಬಸ್ಸು, ಬ್ಯಾಗು ಎಲ್ಲ ಹೇಳಿದ. ನಾನು ಕಣ್ಣು ಬಿಟ್ಟು ನೋಡಿದರೂ ನಿಲ್ಲಿಸಲಿಲ್ಲ. ಆಕೆ ಕೇಳಿದ್ದು ಒಂದೇ ಮಾತು: "ಬೀಗರಿಗಿ ಗೊತ್ತಾತೇನು?"

ಗೊತ್ತಾಗಿತ್ತು. ಹುಡುಗಿಯ ಮನೆತನದಲ್ಲಿ ತಲೆ ಕೆಟ್ಟವರು ಇದ್ದಾರೆಯೇ ಎಂದು ಅವರು ಯಾರ ಮೂಲಕವೋ ವಿಚಾರಿಸಿದ್ದರು. ಮನೆಗೆ ಬಂದ ಮೇಲೆ ಆಕೆಗೆ ಬೇರೆ ಚಿಂತೆಯೇ ಉಳಿಯಲಿಲ್ಲ. ನಿಶ್ಚಯದ ದಿನ ಮಾನ್ವಿಗೆ ಹೋಗಬೇಕು, ತನ್ನ ತಲೆ ನೆಟ್ಟಗಿದೆ ಎಂದು ತೋರಿಸಬೇಕು, ತನ್ನಿಂದಾಗಿ ಮೊಮ್ಮಗಳ ಸಂಬಂಧ ಮುರಿಯಬಾರದು. "ಡೈಪರ್ ಹಾಕ್ಕೊ ಕನಕಕ್ಕ, ಹಾಕ್ಕೊಂಡು ಧಾರಾಳ ನೀರು ಕುಡಿ. ಈಗ ಎಲ್ಲಾರೂ ಹಾಕ್ಕೋತಾರ" ಎಂದು ನಾನು ಕೈ ಹಿಡಿದು ಹೇಳಿದೆ. "ಹೂಂ, ಹಾಕ್ಕೋತೀನಿ" ಎಂದಳು. ಗಡಿಯಾರ ನೋಡಿ ನೀರು ಕುಡಿಯುವುದನ್ನೂ ಸುರು ಮಾಡಿದಳು. ನಂಬಿದೆ.

ನಿಶ್ಚಯದ ದಿನ ರೇಷ್ಮೆ ಸೀರೆ ಉಟ್ಟು ಮಾನ್ವಿಯ ಕಲ್ಯಾಣ ಮಂಟಪದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಸುತ್ತ ಕೂತ ಬೀಗರಲ್ಲಿ ಆಕೆಯ ಹಳೆಯ ವಿದ್ಯಾರ್ಥಿಗಳಿದ್ದರು. ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಕೂರುತ್ತಿದ್ದ ಬೆಂಚು ಸಹಿತ ಹೇಳಿದಳು. "ಅಜ್ಜಿ ಎಷ್ಟು ಚುರುಕದಾರ್ರೀ" ಎಂದು ವರನ ತಾಯಿ ನನಗೇ ಹೇಳಿದಳು. ಕನಕಮ್ಮನ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಆಕೆಯ ನಿವೃತ್ತಿಯ ಸಮಾರಂಭದಲ್ಲೂ ನೋಡಿರಲಿಲ್ಲ. ನೀರು ಕುಡಿದೆಯಾ ಎಂದು ಎರಡು ಸಲ ಕೇಳಿದೆ. ಎರಡು ಸಲವೂ "ಕುಡದೀನಿ, ಕುಡದೀನಿ" ಎಂದಳು.

ಕುಡಿದಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದಲೇ ಒಂದು ಹನಿ ಬಾಯಿಗೆ ಹಾಕಿರಲಿಲ್ಲ ಎಂದು ಉಮಾಶ್ರೀ ಆಮೇಲೆ ಅಳುತ್ತ ಹೇಳಿದಳು. ಡೈಪರ್ ಕಟ್ಟು ಒಡೆಯದೆ ಕಪಾಟಿನಲ್ಲೇ ಇತ್ತು. ಅದರ ಸದ್ದು ಪಕ್ಕದವರಿಗೆ ಕೇಳುತ್ತದೆಂದು ಆಕೆಗೆ ನಾಚಿಕೆಯಾಗಿತ್ತಂತೆ. ತಿರುಗಿ ಬರುವಾಗ ಜೀಪಿನಲ್ಲಿ ವಾಂತಿ ಮಾಡಿ ನನ್ನ ತೊಡೆಯ ಮೇಲೆ ವಾಲಿದಳು. ರಾಯಚೂರು ಮುಟ್ಟುವ ಹೊತ್ತಿಗೆ ಮಾತಿರಲಿಲ್ಲ.

ಎರಡೂ ಕಿಡ್ನಿ ನಿಂತವು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿ ರಕ್ತ ತೊಳೆಸಲು ಹೋಗುತ್ತಾಳೆ. ಉಮಾಶ್ರೀಯ ಮದುವೆ ಆಯಿತು, ಚೆನ್ನಾಗಿಯೇ ಆಯಿತು. ಕನಕಮ್ಮನ ಬುದ್ಧಿ ಸ್ವಚ್ಛವಾಗಿದೆ, ಪೇಪರು ಓದುತ್ತಾಳೆ, ನನ್ನ ತಪ್ಪು ತಿದ್ದುತ್ತಾಳೆ. ಮೂತ್ರ ಬರುವುದು ನಿಂತೇ ಹೋಗಿದೆ, ಇನ್ನು ಯಾರ ಸೋಫಾವೂ ಒದ್ದೆಯಾಗುವ ಭಯವಿಲ್ಲ. ಹೊರಗೆ ಹೋಗಲು ದಾರಿಯಿಲ್ಲದ್ದರಿಂದ ಕುಡಿದ ನೀರು ಎದೆಗೆ ಏರುತ್ತದೆ, ಉಸಿರು ಕಟ್ಟುತ್ತದೆ. ಆದ್ದರಿಂದ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದಾರೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಆಕೆಯ ಹತ್ತಿರ ನಾನು ಕೂರುತ್ತೇನೆ.

ಸತ್ತೇ ಹೋಯಿತು ಎಂದಿದ್ದ ಬಾಯಾರಿಕೆ ಈಗ ಬಂದಿದೆ. ರಕ್ತ ತೊಳೆಸುವವರಿಗೆ ಹಾಗಾಗುತ್ತದಂತೆ.

"ಸುನಂದಾ, ನೀರು ಕೊಡು" ಎಂದಳು ಮೊನ್ನೆ.

"ಸಂಜೀತನಕ ಇಲ್ಲ, ಕನಕಕ್ಕ. ಪಾಲಿಂದು ಮುಗದದ."

"ಒಂದು ಗುಟುಕು."

"ಇಲ್ಲವ್ವಾ."

ಒದ್ದೆ ಅರಿವೆಯಿಂದ ತುಟಿ ಒರೆಸಿದೆ. ಆಕೆ ಆ ಅರಿವೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಚೀಪಿದಳು. ಬಿಡಿಸಿಕೊಳ್ಳುವುದಕ್ಕೆ ನಾನು ಎಳೆಯಬೇಕಾಯಿತು. ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಆಮೇಲೆ ಯಾರೋ ಗುರುತಿಲ್ಲದವರನ್ನು ಬೇಡುವ ಹಾಗೆ ನನ್ನನ್ನು ಬೇಡಿದಳು, "ಬಹಳ ನೀರಡಿಕಿ ಆಗ್ಯಾದ, ಸ್ವಲ್ಪ ನೀರು ಕೊಡ್ರಿ." ನಾನು ಕೊಡಲಿಲ್ಲ.