ಬಾಲದ ಕೋಟಿನ ಸಾಹುಕಾರ

ಅಮೆರಿಕದ ಫೋರ್ಟ್ ಲೀಯಲ್ಲಿ ತೆಗೆದ ಮೂಕಿ ಚಿತ್ರಗಳಲ್ಲಿ ಎಮಿಲ್ ಬ್ರಾಂಡಲ್ ಎಷ್ಟು ಸಲ ಸಾಹುಕಾರನಾದ, ಎಷ್ಟು ಸಲ ರಾಜಕುಮಾರನಾದ, ದೇವರೇ ಬಲ್ಲ. ಅಸಲಿಗೆ ಅವನು ಹೋಟೆಲ್ ಮಾಣಿ. ಆ ಕೆಲಸಕ್ಕೆಂದು ಹೊಲಿಸಿದ್ದ, ಹಿಂದೆ ಬಾಲ ಬಿಟ್ಟ ಕರಿ ಕೋಟೊಂದು ಸ್ವಂತದ್ದಿತ್ತು. ನಮ್ಮ ಸ್ಟುಡಿಯೋದಲ್ಲಿ ಕೋಟಿದ್ದವನೇ ಶ್ರೀಮಂತ. ಇಲ್ಲದವರಿಗೆ ಹರಕು ಬಟ್ಟೆ, ಮೈಗೆ ಮಸಿ, ಭಿಕ್ಷುಕರ ಪಾತ್ರ.

ಮಧ್ಯಾಹ್ನದ ಊಟಕ್ಕೂ ಅಷ್ಟೆ. ಸಾಹುಕಾರರು ಒಳಗೆ ಮೇಜಿಗೆ, ಭಿಕ್ಷುಕರು ಅಂಗಳದ ಬೆಂಚಿಗೆ. ಕೋಟಿಗೆ ಮಸಿ ತಾಗಬಾರದಲ್ಲ! ಈ ಕಾನೂನು ಮಾಡಿದವಳು ನಾನೇ, ಬ್ರೈಡಿ. ಅಷ್ಟೂ ಬಟ್ಟೆ ಒಗೆದು ಇಸ್ತ್ರಿ ಮಾಡೋಳು ನಾನು, ಇನ್ಯಾರು ಮಾಡಬೇಕಿತ್ತು?

ಎಮಿಲ್‌ಗೆ ನೋರಾ ಕೀಗನ್ ಮೇಲೆ ಮನಸ್ಸು. ಅವಳೋ ನಮ್ಮ ಖಾಯಂ ಭಿಕ್ಷುಕಿ. ಮೂರು ತಿಂಗಳು ಒಳಗೆ ಕಿಟಕಿ ಪಕ್ಕ ಕೂತು ಸೂಪ್ ಕುಡಿಯುತ್ತಾ ಅವಳನ್ನು ನೋಡಿದ್ದೇ ಬಂತು. ಕೊನೆಗೆ ಒಂದು ಶನಿವಾರ ನಾನೇ ಗದರಿದೆ.

"ಲೋ, ಇವತ್ತು ಸಂಜೆ ರೈಲಿಗೆ ಅವಳು ಶಿಕಾಗೋಗೆ ಹೊರಟ್ಳು, ಅಕ್ಕನ ಮನೆಗೆ. ಮತ್ತೆ ಬರಲ್ಲ. ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ?"

"ಸಂಜೆ ಆದ್ರೆ ಹೋಟೆಲಿಗೆ ಓಡ್ಬೇಕು. ಮಧ್ಯಾಹ್ನ ಅಂಗಳಕ್ಕೆ ಹೋದ್ರೆ ನೀನೇ ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಅಟ್ಟಿಸ್ಕೊಂಡು ಬರ್ತೀಯಲ್ಲಕ್ಕಾ!"

ನನಗೆ ಚುರುಕ್ ಅಂತು.

ಅಷ್ಟರಲ್ಲಿ ಚಿತ್ರೀಕರಣಕ್ಕೆ ಕರೆ ಬಂತು. ಔತಣದ ಮನೆಗೆ ನುಗ್ಗಿದ ಭಿಕ್ಷುಕಿಯನ್ನು ಸಾಹುಕಾರ ಬೈದು ಓಡಿಸಬೇಕು. "ಬೈಯೋ! ಬಾಗಿಲು ತೋರಿಸು!" ಅಂತ ನಿರ್ದೇಶಕ ತುತ್ತೂರಿಯಲ್ಲಿ ಕಿರುಚಿದ. ಏನಂತ ಬೈಯಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಕ್ಯಾಮೆರಾಕ್ಕೆ ಕಿವಿ ಎಲ್ಲಿದೆ?

ಎಮಿಲ್ ಕಣ್ಣು ಕೆಂಪಗೆ ಮಾಡಿ, ಬಾಗಿಲ ಕಡೆ ಬೆರಳು ಚಾಚಿ ಅಬ್ಬರಿಸಿದ: "ನೋರಾ! ನನ್ನ ಮದುವೆ ಆಗ್ತೀಯಾ?"

ಅವಳು ಎದೆ ಬಡಿದುಕೊಂಡು ಗೋಳೋ ಅಂತ ಅತ್ತಳು: "ಇಷ್ಟು ದಿನ ಎಲ್ಲಿ ಸತ್ತಿದ್ಯೋ, ಮಂಕೇ! ಆಗ್ತೀನಿ!"

"ಏನಾದ್ರೂ ಬೊಗಳಿ, ಮುಖ ಮಾತ್ರ ಹಾಗೇ ಇರ್ಲಿ! ಇನ್ನೊಂದ್ಸಲ!" ಅಂದ ನಿರ್ದೇಶಕ. ಹೀಗೆ ಎಮಿಲ್ ಮೂರು ಸಲ ಕೇಳಿದ, ಮೂರು ಸಲವೂ ಒಪ್ಪಿದಳು.

ಮುಗಿದದ್ದೇ ತಡ, ಎಮಿಲ್ ಅವಳನ್ನು ತಬ್ಬಿಕೊಂಡ. ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಬಿಳಿ ಅಂಗಿಯೆಲ್ಲ ಮಸಿ! ಹೊಟ್ಟೆ ಉರಿಯಿತು ನಿಜ, ಆದರೂ ಬೈಯದೆ ಅಂಗಿ ಬಿಚ್ಚಿಸಿ ಮತ್ತೆ ಒಗೆಯೋಕೆ ಹಾಕಿದೆ. ಸಂಜೆಯ ರೈಲು ಅವಳಿಲ್ಲದೆ ಹೋಯಿತು. ಸೋಮವಾರ ಅಂಗಳದ ಬೆಂಚನ್ನು ನಾನೇ ಎಳೆದು ತಂದು ಮೇಜಿನ ಪಕ್ಕ ಹಾಕಿದೆ.

ಚಿತ್ರ ಬಿಡುಗಡೆಯಾದಾಗ ಮೂವರೂ ನೋಡಲು ಹೋದೆವು. ತೆರೆಯ ಮೇಲೆ ಅಕ್ಷರ ಮೂಡಿತು: "ತೊಲಗು! ನಿನ್ನಂಥವರಿಗೆ ಇಲ್ಲಿ ಜಾಗವಿಲ್ಲ!" ಥಿಯೇಟರಿಗೆ ಥಿಯೇಟರೇ ಬಿಕ್ಕಿ ಅತ್ತಿತು. ಎಲ್ಲಾ ಗೊತ್ತಿದ್ದ ನಾನೂ ಅತ್ತೆ.

ಮುಂದಿನ ಸಾಲಿನಲ್ಲಿ ಬೂಟು ರಿಪೇರಿಯ ಕೇಲಬ್ ಇದ್ದ. ಹುಟ್ಟು ಕಿವುಡ, ತುಟಿ ನೋಡಿಯೇ ಮಾತು ತಿಳಿಯುವವನು. ಅವನೊಬ್ಬನೇ ಬಿದ್ದು ಬಿದ್ದು ನಕ್ಕ. ಆಮೇಲೆ ಹಿಂದೆ ತಿರುಗಿ ಸಾಲು ಸಾಲು ಹುಡುಕಿ, ನೋರಾಳನ್ನು ಕಂಡದ್ದೇ ಎದ್ದು ನಿಂತು ಟೋಪಿ ತೆಗೆದ.