ಭಾವನ ಪೆಟ್ರೋಲ್ ಕಡ್ಡಿ

ಹೋದ ವಾರ ಬನ್ನಿಮಂಟಪದ ಕಡೆಯಿಂದ ಆಟೋದಲ್ಲಿ ಬರುತ್ತಿದ್ದೆ. ಡ್ರೈವರ್ ಮುಂದೆ ದೇವರ ಪಟಕ್ಕೆ ಊದುಬತ್ತಿ ಸಿಕ್ಕಿಸಿದ್ದ. ಅರ್ಧ ದಾರಿಯಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವನು ಇಳಿದು, ಅದನ್ನು ಆ ಕಡೆ ಈ ಕಡೆ ಅಲ್ಲಾಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ. ಮುಂದಿನಿಂದ ಊದುಬತ್ತಿಯ ಹೊಗೆ, ಹಿಂದಿನಿಂದ ಪೆಟ್ರೋಲಿನ ವಾಸನೆ. ಬೆಂಕಿ ಹತ್ತಿಕೊಳ್ಳಲಿಲ್ಲ, ಪುಣ್ಯ.

"ಪೆಟ್ರೋಲ್ ಇದೆಯೇನಪ್ಪಾ?" ಅಂದೆ.

"ಐತೆ ಬುಡಿ ಅಮ್ಮಾ, ಜಯಲಕ್ಷ್ಮಿಪುರಂ ತನಕ ಲೆಕ್ಕಕ್ಕೆ ಸಾಕು."

ನಾನು ಅಲ್ಲೇ ಇಳಿದು, ಅವನ ಕೈಗೆ ದುಡ್ಡು ಕೊಟ್ಟು, ಬಿಸಿಲಿನಲ್ಲಿ ನಡೆಯತೊಡಗಿದೆ. "ಯಾಕಮ್ಮಾ, ಏನಾಯ್ತು?" ಎಂದು ಪಾಪ ಹಿಂದಿನಿಂದ ಕೂಗುತ್ತಲೇ ಇದ್ದ. ಎಂಬತ್ತು ದಾಟಿದ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಆ ಎರಡು ವಾಸನೆಗಳು ಒಟ್ಟಿಗೆ ಬಂದು, ಅದರ ಮೇಲೆ 'ಲೆಕ್ಕಕ್ಕೆ ಸಾಕು' ಅನ್ನುವ ಮಾತೂ ಕಿವಿಗೆ ಬಿದ್ದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅದು ನನ್ನ ಭಾವನ ಮಾತು, ಅವು ನನ್ನ ಭಾವನ ಕೋಟಿನ ವಾಸನೆಗಳು.

ಅಕ್ಕನ ಗಂಡ ಊದುಬತ್ತಿ ಕಂಪನಿಯೊಂದರ ಟೂರಿಂಗ್ ಏಜೆಂಟಾಗಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಮೋಟಾರ್ ಸೈಕಲ್ ಕೊಂಡು, ಅದರ ಹಿಂದೆ ಸ್ಯಾಂಪಲ್ ಪೆಟ್ಟಿಗೆ ಕಟ್ಟಿಕೊಂಡು, ಮಡಿಕೇರಿ, ಹಾಸನ, ಊಟಿ ಅಂತ ತಿಂಗಳಲ್ಲಿ ಇಪ್ಪತ್ತು ದಿನ ತಿರುಗುತ್ತಿದ್ದರು. ನಾನು ಐವತ್ತರ ದಶಕದಲ್ಲಿ ಕಾಲೇಜು ಓದಲು ಮೈಸೂರಿಗೆ ಬಂದು ಸರಸ್ವತಿಪುರಂನ ಅವರ ಮನೆಯಲ್ಲೇ ಉಳಿದೆ. ಮೂರು ವರ್ಷ ಅವರ ಮನೆಯ ಅನ್ನ ತಿಂದವಳು ನಾನು. ಆ ಋಣವನ್ನು ಮರೆತು ಮಾತಾಡುತ್ತಿಲ್ಲ. ಅವರು ಕುಡಿದವರಲ್ಲ, ಅಕ್ಕನ ಮೇಲೆ ಕೈ ಎತ್ತಿದವರಲ್ಲ. ಆದರೂ ಅವರನ್ನು ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ.

ಅವರಿಗೆ ಇದ್ದದ್ದು ಒಂದೇ ಹುಚ್ಚು. ಒಂದು ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ ಬಂತು? ಪೆಟ್ರೋಲಿಗೂ ರೇಷನ್ ಕೂಪನ್ ಇದ್ದ ದಿನಗಳಲ್ಲಿ ಹತ್ತಿದ ಚಟವಂತೆ. ಕೂಪನ್ ಹೋಯಿತು, ಚಟ ಹೋಗಲಿಲ್ಲ. ಇಳಿಜಾರು ಕಂಡರೆ ಇಂಜಿನ್ ಆರಿಸುವರು. ಗಾಳಿ ಹಿಡಿಯಬಾರದೆಂದು ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ಟ್ಯಾಂಕಿನ ಮೇಲೆ ಬಗ್ಗಿ ಕೂರುವರು. ನಮ್ಮ ಬೀದಿಯ ತಿರುವಿನಲ್ಲೇ ಪೆಟ್ರೋಲಿನ ನಲ್ಲಿ ಬಂದ್ ಮಾಡಿ, ಒಳಗೆ ಉಳಿದಿರುವ ನಾಲ್ಕು ಹನಿಯಲ್ಲಿ ಗೇಟಿನ ತನಕ ಬರುವರು. ಗೇಟಿನ ಮುಂದೆ ಗಾಡಿ ಗುಟುಕು ಗುಟುಕಾಗಿ ಉಸಿರಾಡಿ ಸಾಯುತ್ತಿತ್ತು. ಆ ಸದ್ದು ಕೇಳಿದ ಮೇಲೆ ಅಕ್ಕ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು.

ಟ್ಯಾಂಕನ್ನು ಅವರು ಯಾವತ್ತೂ ತುಂಬಿಸಿದವರಲ್ಲ. "ತುಂಬಿಸಿದ್ರೆ ಆ ಪೆಟ್ರೋಲಿನ ಭಾರಾನೂ ಗಾಡೀನೇ ಹೊರಬೇಕಲ್ಲಮ್ಮ" ಎಂದು ನನಗೆ ಪಾಠ ಹೇಳುತ್ತಿದ್ದರು. ಎಷ್ಟು ದೂರವೋ ಅಷ್ಟಕ್ಕೇ ಹಾಕಿಸುವುದು. ಅದಕ್ಕೊಂದು ಕಡ್ಡಿ ಮಾಡಿಕೊಂಡಿದ್ದರು. ಒಂದಡಿ ಉದ್ದದ ಬಿದಿರಿನ ಚಪ್ಪಟೆ ಕಡ್ಡಿ, ಅದರ ಒಂದು ಮಗ್ಗುಲಿಗೆ ಚಾಕುವಿನಿಂದ ಹಾಕಿದ ಕಚ್ಚುಗಳು. ಟ್ಯಾಂಕಿನೊಳಗೆ ಅದ್ದಿ ತೆಗೆದು, ಎಷ್ಟನೇ ಕಚ್ಚಿನ ತನಕ ಒದ್ದೆಯಾಗಿದೆ ನೋಡಿದರೆ ಎಷ್ಟು ಮೈಲಿ ಹೋಗಬಹುದೆಂದು ಹೇಳಿಬಿಡುವರು. ಒಂದು ಸಲವೂ ತಪ್ಪಿದ್ದು ನಾನು ನೋಡಲಿಲ್ಲ. ಬೇರೆಯವರು ದೇವರ ಮುಂದೆ ನಿಂತಂತೆ ಅವರು ಆ ಕಡ್ಡಿ ಹಿಡಿದು ನಿಲ್ಲುತ್ತಿದ್ದರು.

ಅಕ್ಕನನ್ನು ಮಾತ್ರ ಆ ಗಾಡಿಯ ಹಿಂದೆ ಕೂರಿಸಿಕೊಳ್ಳಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ಒಂದು ಸಲ, ಒಂದೇ ಒಂದು ಸಲ... ಇಲ್ಲ. ಅವಳು ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣ್ಣಗಿದ್ದವಳು. "ಹಿಂದೆ ಒಂದು ಆಳು ಕೂತ್ರೆ ಹತ್ತು ಹದಿನೈದು ಮೈಲಿ ಹೋಯ್ತು ಅಂತಲೇ ಲೆಕ್ಕ ಕಣೇ" ಅನ್ನುವರು. ನಮ್ಮ ತವರು ಗುಂಡ್ಲುಪೇಟೆ, ಮೂವತ್ತೆಂಟು ಮೈಲಿ. ಹಬ್ಬಕ್ಕೆ ಇವರು ಮೋಟಾರ್ ಸೈಕಲ್‌ನಲ್ಲಿ ಹೋಗುವರು, ಅಕ್ಕ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೋಗುವಳು. ಒಂದು ಗೌರಿ ಹಬ್ಬದಲ್ಲಿ ನಮ್ಮಮ್ಮ ತಡೆಯಲಾರದೆ ಅಳಿಯನ ಎದುರಿಗೇ ಅಂದುಬಿಟ್ಟಳು: "ನನ್ ಮಗ್ಳು ಆ ಗಾಡಿ ಮೇಲೆ ಕೂತ್ಕೊಂಡು ನಮ್ಮನೆ ಬಾಗ್ಲಿಗೆ ಬಂದಿಳಿಯಾದ ಒಂದ್ಸಲ ನೋಡ್ಬುಟ್ಟು ಸತ್ರೆ ಸಾಕು." ಭಾವ ನಕ್ಕುಬಿಟ್ಟರು. ಅಕ್ಕ ಒಳಗೆ ಹೋಗಿ ಹೋಳಿಗೆಗೆ ತುಪ್ಪ ಬಡಿಸತೊಡಗಿದಳು.

ಮಾರನೆಯ ವರ್ಷ ಅಮ್ಮ ಹಾಸಿಗೆ ಹಿಡಿದಳು. ನಾನು ಮೊದಲೇ ಹೋಗಿ ಅವಳ ಆರೈಕೆಗೆ ನಿಂತಿದ್ದೆ. ಒಂದು ಬೆಳಿಗ್ಗೆ ಡಾಕ್ಟರು ನಾಡಿ ಹಿಡಿದು ನೋಡಿ, "ದೊಡ್ಡ ಮಗಳನ್ನ ಕರೆಸಿಕೊಂಡುಬಿಡಿ" ಅಂದರು. ತಂತಿ ಕೊಟ್ಟೆ. ಅದು ಸರಸ್ವತಿಪುರಂ ಮುಟ್ಟಿದ್ದು ಮಧ್ಯಾಹ್ನ ಮೂರೂವರೆಗೆ.

ಮುಂದಿನದನ್ನು ಅಕ್ಕ ಆಮೇಲೆ ನನಗೆ ಬಿಡಿಬಿಡಿಯಾಗಿ ಹೇಳಿದ್ದು. ಗುಂಡ್ಲುಪೇಟೆಗೆ ಬಸ್ಸಿದ್ದದ್ದು ಸಂಜೆ ನಾಲ್ಕೂವರೆಗೆ. ಅದು ಊರೂರಿನಲ್ಲಿ ನಿಂತು ಬರುವಷ್ಟರಲ್ಲಿ ಏಳು ಗಂಟೆ. ಅಂದು ಮನೆಯಲ್ಲಿದ್ದ ಭಾವ ತಾವೇ ಗಾಡಿ ಹೊರಗೆ ತೆಗೆದರಂತೆ. "ಬಸ್ಸು ಬ್ಯಾಡ. ಐದೂವರೆಗೆ ಮುಟ್ಟಿಸ್ತೀನಿ, ಹತ್ತು." ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅಕ್ಕ ಹತ್ತಿದಳು. ಹೊರಡುವ ಮೊದಲು ಭಾವ ಕಡ್ಡಿ ಅದ್ದಿ ನೋಡಿದರು. ನಲವತ್ತು ಮೈಲಿಯ ಕಚ್ಚಿನ ತನಕ ಒದ್ದೆಯಾಗಿತ್ತು. ಕೊನೆಯ ಹನಿ, ರಿಸರ್ವು, ಎಲ್ಲವೂ ಸೇರಿ ನಲವತ್ತು.

"ಪಾಪಿ ಕಣೇ ನಾನು," ಎಂದು ಅಕ್ಕ ಒಮ್ಮೆ ಹೇಳಿದಳು. "ಅಮ್ಮ ಅಲ್ಲಿ ಸಾಯ್ತಾ ಇದ್ಲು. ನನಗೆ ನಂಜನಗೂಡಿನ ತನಕ ಒಳಗೊಳಗೇ ಖುಷಿ." ಅಮ್ಮ ಕಿಟಕಿಯಿಂದ ನೋಡುತ್ತಾಳೆ, ತಾನು ಬಾಗಿಲಿನಲ್ಲಿ ಇಳಿಯುತ್ತೇನೆ ಎಂದೇ ಅವಳು ಯೋಚಿಸುತ್ತಿದ್ದಳಂತೆ. ನಂಜನಗೂಡಿನಲ್ಲಿ ಪೆಟ್ರೋಲ್ ಬಂಕು ಕಂಡಾಗ ಅವಳೇ ಕೇಳಿದಳು.

"ರೀ, ಒಂಚೂರು ಹಾಕಿಸ್ಕೊಳ್ಳಿ. ಇಬ್ರಿದೀವಿ."

"ಬ್ಯಾಡ ಸುಮ್ನಿರು. ಲೆಕ್ಕಕ್ಕೆ ಸಾಕು."

ಆ ಲೆಕ್ಕ ಒಬ್ಬ ಮನುಷ್ಯನದು. ಕಡ್ಡಿಯ ಮೇಲಿದ್ದ ಕಚ್ಚುಗಳೆಲ್ಲ ಅವರೊಬ್ಬರೇ ತಿರುಗಿ, ಅವರೊಬ್ಬರ ಭಾರಕ್ಕೆ ಹಾಕಿಕೊಂಡವು. ಅಕ್ಕ ಎಂದೂ ಹಿಂದೆ ಕೂತವಳಲ್ಲ, ಅವಳಿಗೊಂದು ಕಚ್ಚು ಎಲ್ಲಿಂದ ಬರಬೇಕು? ಹಿಂದೆ ಆಳು ಕೂತರೆ ಮೈಲಿ ಹೋಗುತ್ತದೆ ಎಂದು ತಾವೇ ಪಾಠ ಹೇಳುತ್ತಿದ್ದ ಮಹಾನುಭಾವರಿಗೆ, ಕಡ್ಡಿ ಹಿಡಿದಾಗ ಅದೊಂದು ಹೊಳೆಯಲಿಲ್ಲ. ಅವತ್ತು ಎದುರುಗಾಳಿ ಬೇರೆ. ಬೇಗೂರು ದಾಟಿ, ಗುಂಡ್ಲುಪೇಟೆ ಇನ್ನು ಏಳು ಮೈಲಿ ಇದೆ ಅನ್ನುವಾಗ ಗಾಡಿ ಗುಟುಕು ಗುಟುಕಾಗಿ ಉಸಿರೆಳೆದು ನಿಂತಿತು.

ಇತ್ತ ಅಮ್ಮನಿಗೆ ಹೇಳಿಬಿಟ್ಟಿದ್ದೆ, ಅಕ್ಕ ಬರುತ್ತಿದ್ದಾಳೆ ಅಂತ. ಐದೂವರೆ ಸುಮಾರಿಗೆ ಊಟಿ ರಸ್ತೆಯಲ್ಲಿ ಯಾವುದೋ ಮೋಟಾರ್ ಸೈಕಲ್ ಹೋದ ಸದ್ದಾಯಿತು. ಅಮ್ಮ ಕಣ್ಣು ಬಿಟ್ಟಳು. "ಬಂದ್ಬುಟ್ಲಾ?" ನಾನು ಬಾಗಿಲಿಗೆ ಓಡಿದೆ. ಯಾರೋ ದಾರಿಹೋಕರು. "ಬರ್ತಾ ಅವ್ಳೆ ಕಣವ್ವ" ಎಂದು ಬಂದು ಹೇಳಿದೆ. ಮತ್ತೆ ಎರಡು ಸಲ ಅದೇ ಮಾತು ಕೇಳಿದಳು, ಎರಡು ಸಲವೂ ಅದೇ ಉತ್ತರ ಕೊಟ್ಟೆ... ದೀಪ ಹಚ್ಚುವ ಹೊತ್ತಿಗೆ ಅವಳು ಹೋಗಿಬಿಟ್ಟಳು.

ಅಕ್ಕ ಬಂದಾಗ ಏಳು ಗಂಟೆ. ಅವರು ಗಾಡಿಯನ್ನು ಒಂದಷ್ಟು ದೂರ ತಳ್ಳಿ, ದಾರಿಯಲ್ಲಿ ಒಂದು ಲಾರಿಯೂ ಸಿಗದೆ ನಿಂತಿದ್ದಾಗ, ಮೈಸೂರಿನಿಂದ ನಾಲ್ಕೂವರೆಗೆ ಹೊರಟ ಅದೇ ಬಸ್ಸು ಬಂದಿತ್ತು. ಅಕ್ಕ ಕೈ ಅಡ್ಡ ಹಾಕಿ ಹತ್ತಿದಳು. ಕೊನೆಗೂ ಅವಳು ತವರಿಗೆ ಬಂದದ್ದು ಬಸ್ಸಿನಲ್ಲೇ. "ನೀನು ಹೋಗಿರು, ಗಾಡಿ ಬುಟ್ಟು ನಾನೆಂಗೆ ಬರ್ಲಿ?" ಅಂದ ಭಾವ ಮಾರನೆಯ ಬೆಳಿಗ್ಗೆ, ಎಲ್ಲಿಂದಲೋ ಪೆಟ್ರೋಲ್ ತರಿಸಿಕೊಂಡು, ಮಣ್ಣು ಮಾಡುವ ಹೊತ್ತಿಗೆ ಬಂದರು. ತಪ್ಪಾಯಿತು ಅನ್ನಲಿಲ್ಲ. ಅಕ್ಕನ ಹತ್ತಿರವೂ ಅನ್ನಲಿಲ್ಲ, ನನ್ನ ಹತ್ತಿರವೂ ಅನ್ನಲಿಲ್ಲ.

ಅಮ್ಮ ಹೋಗಿ ಒಂದು ತಿಂಗಳೂ ಆಗಿರಲಿಲ್ಲ. ನಾವು ಮೈಸೂರಿಗೆ ವಾಪಸಾಗಿದ್ದೆವು. ಒಂದು ಭಾನುವಾರ ಭಾವ ಒಂದು ಮೂಟೆಗೆ ರಾಗಿ ತುಂಬಿ, ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದರು. ಬನ್ನಿಮಂಟಪಕ್ಕೆ ಹೋಗಿ ಬಂದರು. ಕಡ್ಡಿ ಅದ್ದಿ ನೋಡಿ ಮತ್ತೆ ಹೊರಟರು. ಮುಂದಿನ ಭಾನುವಾರ ಮತ್ತೆ ಅದೇ. ಬೀದಿಯವರೆಲ್ಲ ನಗುತ್ತಿದ್ದರು, "ಏಜೆಂಟ್ರು ಊದುಬತ್ತಿ ಬಿಟ್ಟು ರಾಗಿ ವ್ಯಾಪಾರಕ್ಕೆ ಇಳಿದವ್ರೆ ಕಣ್ರೀ" ಅಂತ. ನನಗೆ ನಗು ಬರಲಿಲ್ಲ. ನಮ್ಮಮ್ಮನ ಗುಂಡಿಯ ಮಣ್ಣಿನ್ನೂ ಆರಿಲ್ಲ, ಇವರಿಗೆ ಮತ್ತೆ ಮೈಲಿ ಎಣಿಸುವ ಚಪಲ! ಅಂಗಳದಲ್ಲಿ ನಾಲ್ಕು ಜನರೆದುರು ಕೇಳಿಯೇಬಿಟ್ಟೆ: "ಭಾವ, ಅಕ್ಕನಿಗೆ ಇಲ್ಲದ ಭಾಗ್ಯ ರಾಗಿ ಮೂಟೆಗಾದರೂ ಬಂತಲ್ಲ!"

ಅವರು ಸಡಿಲವಾಗಿದ್ದ ಹಗ್ಗವನ್ನು ಬಿಗಿದು, ಗಾಡಿ ಒದ್ದು ಹೊರಟುಹೋದರು.

ಅಕ್ಕ ಮತ್ತೆ ಆ ಗಾಡಿ ಹತ್ತಲಿಲ್ಲ. ಒಂದು ಯುಗಾದಿಯ ಬೆಳಿಗ್ಗೆ, ಗುಂಡ್ಲುಪೇಟೆಗೆ ಹೊರಡಲೆಂದು, ಭಾವ ಗಾಡಿಯನ್ನು ಗೇಟಿನ ಮುಂದೆ ನಿಲ್ಲಿಸಿ, ಹಿಂದಿನ ಸೀಟನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಕಾಯುತ್ತಿದ್ದರು. ಅಕ್ಕ ಚೀಲ ಹಿಡಿದು ಹೊರಗೆ ಬಂದಳು, ಅವರ ಪಕ್ಕದಿಂದಲೇ ಹಾದು ಬಸ್ ಸ್ಟಾಂಡಿನ ಕಡೆ ನಡೆದಳು. ನನಗೆ ಆಗ ಸಂತೋಷವಾಗಿತ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಆಯಿತು ಅಂದುಕೊಂಡೆ.

ನಾನು ಮದುವೆಯಾಗಿ ಜಯಲಕ್ಷ್ಮಿಪುರಂಗೆ ಬಂದೆ. ಅರವತ್ತರ ದಶಕ ಮುಗಿಯುವ ಮೊದಲೇ ಭಾವ ಹಾಸನದ ಟೂರಿನಲ್ಲಿ, ಲಾಡ್ಜಿನ ರೂಮಿನಲ್ಲಿ, ಎದೆನೋವು ಬಂದು ತೀರಿಕೊಂಡರು. ಕಂಪನಿಯವರು ಗಾಡಿಯನ್ನು ಲಾರಿಗೆ ಹಾಕಿ ಕಳಿಸಿಕೊಟ್ಟರು. ಕೊಳ್ಳಲು ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದು, "ಪೆಟ್ರೋಲ್ ಬೇಕಾದಷ್ಟು ಐತಲ್ಲಮ್ಮ!" ಅಂದ. ನಾನು ನಂಬಲಿಲ್ಲ. ಸೀಟಿನ ಪಕ್ಕದ ಚೀಲದಲ್ಲಿದ್ದ ಕಡ್ಡಿ ತೆಗೆದು ನಾನೇ ಅದ್ದಿದೆ. ಆಗ ನೋಡಿದ್ದು. ಹಳೆಯ ಕಚ್ಚುಗಳಿದ್ದ ಮಗ್ಗುಲಿನ ತಲೆಯಲ್ಲಿ '೧' ಎಂದು ಕೊರೆದಿತ್ತು. ಹಿಂದಿನ ಮಗ್ಗುಲಿನ ತಲೆಯಲ್ಲಿ '೨'. ಅದರ ಕೆಳಗೆ ಬೇರೆಯೇ ಕಚ್ಚುಗಳು, ಒಂದಕ್ಕೊಂದು ಹೆಚ್ಚು ದೂರ. ಮೂವತ್ತೆಂಟನೇ ಮೈಲಿಯದು, ಗುಂಡ್ಲುಪೇಟೆಯದು, ಉಳಿದೆಲ್ಲಕ್ಕಿಂತ ಆಳವಾಗಿತ್ತು. ಅದರ ಮೇಲೆ, ಇರಲಿ ಎಂದು ಹಾಕಿದ ಹಾಗೆ, ಇನ್ನೊಂದು ಕಚ್ಚು. ಪೆಟ್ರೋಲ್ ಅದನ್ನೂ ಮುಟ್ಟಿತ್ತು.

"ಅಕ್ಕಾ... ಆ ರಾಗಿ ಮೂಟೆ?"

"ನನ್ನಷ್ಟೇ ತೂಕದ್ದು," ಅಂದಳು ಅಕ್ಕ. "ಕಚ್ಚು ಹಾಕಿ ಮುಗಿದ ದಿನ ತಂದು ತೋರಿಸಿದ್ರು. ಬಾಯಿ ಬಿಟ್ಟು ಒಂದು ಮಾತು ಆಡ್ತಾರೇನೋ ಅಂತ ನಿಂತೆ. ಕಡ್ಡೀನೇ ತೋರಿಸ್ತಾ ನಿಂತಿದ್ರು. ನಾನು ಒಳಗೆ ಹೋಗ್ಬುಟ್ಟೆ." ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದಳು: "ಆವತ್ತಿಂದ ಟ್ಯಾಂಕಲ್ಲಿ ಅಷ್ಟಕ್ಕಿಂತ ಕಮ್ಮಿ ಯಾವತ್ತೂ ಇರ್ಲಿಲ್ಲ ಕಣೇ. ಎಲ್ಲಿಗೆ ಹೋದ್ರೂ."

ಗಾಡಿ ಮಾರಿಹೋಯಿತು. ಕಡ್ಡಿಯನ್ನು ಅಕ್ಕ ಕೊಡಲಿಲ್ಲ. ಅವಳು ಹೋಗಿ ಈಗ ಎರಡು ವರ್ಷ. ಅವಳ ಟ್ರಂಕಿನಿಂದ ಅದು ನನ್ನ ಬೀರುವಿಗೆ ಬಂದಿದೆ.

ಹೋದ ವಾರ ಆಟೋ ಇಳಿದು ಬಿಸಿಲಿನಲ್ಲಿ ನಡೆದು ಸುಸ್ತಾಗಿ ಮನೆಗೆ ಬಂದವಳು ಅದನ್ನು ತೆಗೆದು ಮೂಗಿಗೆ ಹಿಡಿದೆ. ಪೆಟ್ರೋಲೂ ಇಲ್ಲ, ಊದುಬತ್ತಿಯೂ ಇಲ್ಲ, ಬರೀ ಹಳೆಯ ಬಿದಿರು. ಭಾವನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. 'ತಪ್ಪಾಯಿತು' ಅನ್ನಲು ಯಾವ ಕೂಪನ್ ಬೇಕಿತ್ತು ಅವರಿಗೆ? ಆದರೆ ಅಂಗಳದಲ್ಲಿ ನಾನು ಆಡಿದ ಮಾತನ್ನೂ ವಾಪಸು ತೆಗೆದುಕೊಂಡೆ ಎಂದು ಹೇಳಲು ಈಗ ಎದುರಿಗೆ ಯಾರೂ ಉಳಿದಿಲ್ಲ. ಭಾರವಾಗುತ್ತದೆಂದು ಹೆಂಡತಿಯನ್ನು ಬಿಟ್ಟು ಹೋಗುತ್ತಿದ್ದ ಮನುಷ್ಯ, ಆಮೇಲೆ ಹತ್ತು ಹನ್ನೆರಡು ವರ್ಷ ಇಬ್ಬರಿಗಾಗುವಷ್ಟು ಪೆಟ್ರೋಲ್ ಹೊತ್ತುಕೊಂಡು ಒಬ್ಬರೇ ತಿರುಗಿದರು.